ತಪ್ಪನ್ನು ತೋರಿಸುವ ಉಪಕರಣ

ಪಶ್ಚಿಮಘಟ್ಟದ ಅಂಚಿನಲ್ಲಿರುವ ವನಗೂರಿನ ಸುತ್ತಣ ಪ್ರದೇಶದಲ್ಲಿ ಮಳೆಯ ಲೆಕ್ಕವೆಂಬುದು ಬರಿಯ ಕುತೂಹಲದ ವಿಷಯವಲ್ಲ. ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆಮಾಪಕವನ್ನಿಟ್ಟು, ಬಿದ್ದ ನೀರನ್ನು ದಿನವೂ ಅಳೆದು, ‘ಇಷ್ಟು ಇಂಚು, ಇಷ್ಟು ಸೆಂಟು’ ಎಂದು ಬರೆದಿಡುವ ಪದ್ಧತಿಯುಂಟು. ಒಂದು ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ. ಬೇಸಗೆಯ ಹೂಮಳೆ ಸಾಕಷ್ಟು ಬಿದ್ದಿತೆ, ಇಲ್ಲವೆ ತುಂತುರು ನೀರಾವರಿಗೆ ಯಂತ್ರವನ್ನು ಹೂಡಬೇಕೆ ಎಂಬ ನಿರ್ಧಾರಕ್ಕೆ ಈ ಬರಹವೇ ಆಧಾರ.

ಇಂಥ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಲು ವಿದ್ಯಾರ್ಥಿಯೊಬ್ಬನು ‘ಸಿ’ ಭಾಷೆಯಲ್ಲಿ ಒಂದು ಕ್ರಮವಿಧಿಯನ್ನು ಬರೆದನೆಂದು ಭಾವಿಸೋಣ. ಇಂಚು ಒಂದು ಪೂರ್ಣಾಂಕ, ಸೆಂಟು ಇನ್ನೊಂದು ಪೂರ್ಣಾಂಕ. ಸೆಂಟನ್ನು ನೂರರಿಂದ ಭಾಗಿಸಿ ಇಂಚಿಗೆ ಕೂಡಿಸಬೇಕೆಂದು ಅವನು ಬರೆಯುತ್ತಾನೆ. ಗಣಿತದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಆದರೆ ‘ಸಿ’ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಭಿನ್ನಾಂಶವು ಬಿಟ್ಟುಹೋಗುತ್ತದೆ. 35ನ್ನು 100ರಿಂದ ಭಾಗಿಸಿದರೆ 0.35 ಬರುವುದಿಲ್ಲ, ಸೊನ್ನೆ ಬರುತ್ತದೆ. 2 ಇಂಚು 35 ಸೆಂಟು ಮಳೆಯು 2 ಇಂಚಾಗುತ್ತದೆ. 85 ಸೆಂಟಿನ ಒಳ್ಳೆಯ ಹೂಮಳೆಯು ಬೀಳಲೇ ಇಲ್ಲವೆಂದಾಗುತ್ತದೆ. ದಿನಕ್ಕೆ ಸರಾಸರಿ 50 ಸೆಂಟಿನಂತೆ ಬಿಟ್ಟುಹೋದರೆ 30 ದಿನಗಳ ತಿಂಗಳೊಂದರಲ್ಲೇ 15 ಇಂಚು ಮಳೆ ಮಾಯವಾಗುವುದು. ಇಷ್ಟಾದರೂ ಗಣಕವು ನಿಲ್ಲುವುದಿಲ್ಲ, ದೂರುವುದಿಲ್ಲ. ನಂಬತಕ್ಕಂತಹ ಒಂದು ಮೊತ್ತವನ್ನೇ ಮುದ್ರಿಸಿ ಕೊಡುತ್ತದೆ. ಕೆಟ್ಟು ನಿಂತ ಯಂತ್ರಕ್ಕಿಂತ ನಂಬಿಸಿ ತಪ್ಪುವ ಯಂತ್ರವು ಹೆಚ್ಚು ಅಪಾಯಕರವಲ್ಲವೆ?

ಇಂಥ ದೋಷವನ್ನು ಹಿಡಿಯಲೆಂದೇ ಇರುವ ಸಾಧನ ಡೀಬಗರ್, ದೋಷಶೋಧಕವೆಂದು ಕರೆಯಬಹುದು. ಅದು ಕ್ರಮವಿಧಿಯನ್ನು ನಾವು ಗುರುತಿಸಿದ ಸಾಲಿನಲ್ಲಿ ತಡೆದು ನಿಲ್ಲಿಸುತ್ತದೆ. ಆ ಕ್ಷಣದಲ್ಲಿ ಪ್ರತಿಯೊಂದು ಚರದ ಬೆಲೆ ಎಷ್ಟೆಂಬುದನ್ನು ತೋರಿಸುತ್ತದೆ. ಬಳಿಕ ಒಂದೊಂದೇ ಹೆಜ್ಜೆಯಾಗಿ ಮುಂದಕ್ಕೆ ನಡೆಸುತ್ತದೆ. ಮೇಲಿನ ಉದಾಹರಣೆಯಲ್ಲಿ ಕೂಡಿಕೆಯ ಸಾಲಿನಲ್ಲಿ ನಿಲ್ಲಿಸಿ, ಸೆಂಟನ್ನು ನೂರರಿಂದ ಭಾಗಿಸಿದರೆ ಎಷ್ಟೆಂದು ಕೇಳಿದರೆ ಸೊನ್ನೆ ಎಂಬ ಉತ್ತರ ಬರುತ್ತದೆ. 100ರ ಬದಲು 100.0 ಎಂದು ಕೇಳಿದರೆ 0.35 ಬರುತ್ತದೆ. ರೋಗವೂ ಮದ್ದೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ವರ್ಷದ 365 ದಿನಗಳಲ್ಲೂ ನಿಲ್ಲಿಸಬೇಕಾದುದಿಲ್ಲ. ಇಂಚು ಸೊನ್ನೆಯಾಗಿದ್ದು ಸೆಂಟು ಮಾತ್ರ ಇರುವ ದಿನ ನಿಲ್ಲೆಂದು ಕಟ್ಟಳೆ ವಿಧಿಸಬಹುದು.

ಈ ಬಗೆಯ ಶೋಧನೆ ಗಣಕದಷ್ಟೇ ಹಳೆಯದು. ಕೇಂಬ್ರಿಜ್ಜಿನ ‘ಎಡ್‌ಸ್ಯಾಕ್’ ಗಣಕವು 1949ರ ಮೇ ತಿಂಗಳಿನಲ್ಲಿ ಕೆಲಸ ಮಾಡತೊಡಗಿತು. ತಮ್ಮ ಆಯುಷ್ಯದ ಬಹುಭಾಗವು ತಮ್ಮದೇ ಕ್ರಮವಿಧಿಗಳ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆಯೆಂಬ ಅರಿವು ಆಗಲೇ ಮೂಡಿತೆಂದು ಅದರ ನಿರ್ಮಾಪಕರಾದ ಮಾರಿಸ್ ವಿಲ್ಕ್ಸ್ ಅವರು ಮುಂದೆ ನೆನೆದಿದ್ದಾರೆ. ಅದೇ ಗಣಕದ ಕ್ರಮವಿಧಿಗಳಲ್ಲಿ ತಪ್ಪುಗಳನ್ನು ಪತ್ತೆಮಾಡುವ ಬಗೆಯನ್ನು ಕುರಿತು ಸ್ಟ್ಯಾನ್ಲಿ ಗಿಲ್ ಅವರು 1951ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ‘ಜಿಡಿಬಿ’ ಎಂಬ ದೋಷಶೋಧಕವನ್ನು ರಚಿಸಿದರು. ಅದಕ್ಕೆ ಬೆಲೆಯಿಲ್ಲ, ಒಮ್ಮೆ ಸ್ಥಾಪಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ತಂತಿ ಕಡಿದು ಸಂಪರ್ಕ ತಪ್ಪುವ ಮಲೆನಾಡಿನ ವಿದ್ಯಾಲಯಕ್ಕೆ ಇದು ಸಣ್ಣ ಅನುಕೂಲವಲ್ಲ.

ಹಾಗಿದ್ದರೂ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಮುಟ್ಟದೆಯೇ ಪದವಿಯನ್ನು ಮುಗಿಸುತ್ತಾರೆ. ನನ್ನ ಎಣಿಕೆಯಲ್ಲಿ ಇದಕ್ಕೆ ಕಾರಣವು ಉಪಕರಣದ ಕ್ಲಿಷ್ಟತೆಯಲ್ಲ. ಅದನ್ನು ಅಣಿಗೊಳಿಸುವ ಮೊದಲ ಘಟ್ಟವನ್ನು ನಾವು ಕಲಿಸದಿರುವುದು. ಆ ಘಟ್ಟದ ಅಂಶಗಳು ನಾಲ್ಕೇ. ಮೊದಲನೆಯದಾಗಿ, ಕಂಪೈಲರಿಗೆ ‘ಜಿ’ ಎಂಬ ಸೂಚನೆಯನ್ನು ಕೊಡಬೇಕು. ಇಲ್ಲದಿದ್ದರೆ ಚರಗಳ ಹೆಸರುಗಳೂ ಸಾಲುಗಳ ಸಂಖ್ಯೆಗಳೂ ದೋಷಶೋಧಕಕ್ಕೆ ತಿಳಿಯುವುದಿಲ್ಲ. ಎರಡನೆಯದಾಗಿ, ವೇಗವರ್ಧನೆಯ ಪರಿಷ್ಕರಣವನ್ನು ನಿಲ್ಲಿಸಿಡಬೇಕು. ಏಕೆಂದರೆ ವೇಗಕ್ಕಾಗಿ ಕಂಪೈಲರು ಸಾಲುಗಳನ್ನು ಹಿಂದುಮುಂದು ಮಾಡಿ, ಕೆಲವು ಚರಗಳನ್ನು ಅಳಿಸಿಯೇಬಿಡಬಹುದು. ಮೂರನೆಯದಾಗಿ, ಕ್ರಮವಿಧಿಯು ಯಾವ ಕೋಶದಲ್ಲಿ ನಿಂತು ಮಳೆಯ ಕಡತವನ್ನು ಹುಡುಕಬೇಕೆಂಬುದನ್ನು ಹೇಳಬೇಕು. ನಾಲ್ಕನೆಯದಾಗಿ, ಸಾಲುಗಳನ್ನು ತಿದ್ದಿದಾಗಲೆಲ್ಲ ಮತ್ತೊಮ್ಮೆ ಕಂಪೈಲ್ ಮಾಡಬೇಕು. ಇಲ್ಲವಾದರೆ ಕಣ್ಣಿಗೆ ಕಾಣುವ ಸಾಲೊಂದು, ನಡೆಯುವ ಸಾಲು ಬೇರೊಂದು. ಇವುಗಳಲ್ಲಿ ಒಂದು ತಪ್ಪಿದರೂ ವಿದ್ಯಾರ್ಥಿಯು ಉಪಕರಣವೇ ಕೆಟ್ಟಿದೆಯೆಂದು ಬಗೆದು ಅದನ್ನು ಬದಿಗಿಡುತ್ತಾನೆ.

ಇಷ್ಟಕ್ಕೆಲ್ಲ ಪ್ರಯೋಗಶಾಲೆಯಲ್ಲಿ ವೇಳೆಯೆಲ್ಲಿ ಎಂದು ಕೆಲವರು ಕೇಳಬಹುದು. ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ನೋಡೋಣ. ರೋಹಿತಮಾಪಕದಲ್ಲಿ ಕೋನವನ್ನು ಓದುವ ಮೊದಲು ನೇತ್ರಕವನ್ನು ಹೊಂದಿಸಿ, ದೂರದ ವಸ್ತುವಿಗೆ ದೂರದರ್ಶಕವನ್ನು ನೆಟ್ಟು, ಸಮಾಂತರ ಕಿರಣಗಳನ್ನು ಪಡೆದು, ಅಶ್ರಗದ ಪೀಠವನ್ನು ಮಟ್ಟಗೊಳಿಸಲು ವಿದ್ಯಾರ್ಥಿಗೆ ಸಾಕಷ್ಟು ವೇಳೆಯನ್ನು ಕೊಡುತ್ತೇವೆ. ಆ ವೇಳೆ ವ್ಯರ್ಥವಾಯಿತೆಂದು ಯಾವ ಅಧ್ಯಾಪಕರೂ ಹೇಳರು. ಉಪಕರಣವನ್ನು ಅಣಿಗೊಳಿಸುವುದು ಪ್ರಯೋಗದ ಭಾಗವೆಂಬ ಈ ತತ್ತ್ವವು ಗಣಕದ ಕೋಣೆಯ ಬಾಗಿಲಲ್ಲಿ ಏಕೆ ನಿಂತುಬಿಡಬೇಕು?

ಅಲ್ಲಲ್ಲಿ ಚರಗಳ ಬೆಲೆಯನ್ನು ಮುದ್ರಿಸುವ ಸಾಲುಗಳನ್ನು ಸೇರಿಸಿದರೆ ಸಾಲದೆ ಎಂಬ ಇನ್ನೊಂದು ಆಕ್ಷೇಪವಿದೆ. ಇದರಲ್ಲಿ ಹುರುಳಿಲ್ಲದೆ ಇಲ್ಲ. ನುರಿತವರೂ ಹಾಗೆ ಮಾಡುವುದುಂಟು. ದೋಷಶೋಧಕವು ಕ್ರಮವಿಧಿಯನ್ನು ತಡೆಯುವುದರಿಂದಲೇ, ಕಾಲಕ್ಕೆ ಸಂಬಂಧಿಸಿದ ಕೆಲವು ದೋಷಗಳು ಅದರ ಮುಂದೆ ಅಡಗಿಕೊಳ್ಳುವುದೂ ಉಂಟು. ಮಂಡಲದಲ್ಲಿ ಸೇರಿಸಿದ ವಿದ್ಯುನ್ಮಾಪಕವು ತಾನು ಅಳೆಯುವ ಪ್ರವಾಹವನ್ನೇ ತುಸು ಬದಲಿಸುವಂತೆ ಇದು. ಆದರೆ ಮುದ್ರಣದ ಸಾಲನ್ನು ಬರೆಯುವವನು ಏನನ್ನು ಕೇಳಬೇಕೆಂಬುದನ್ನು ಮೊದಲೇ ಅರಿತಿರಬೇಕು. ಹೊಸಬನಿಗೆ ತಿಳಿಯದಿರುವುದು ಅದೇ ಅಲ್ಲವೆ? ದೋಷಶೋಧಕದಲ್ಲಿಯಾದರೋ ನಿಲ್ಲಿಸಿದ ಮೇಲೆ ಪ್ರಶ್ನೆಯಿಂದ ಪ್ರಶ್ನೆಗೆ ಸಾಗಬಹುದು.

ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರವು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿಯವರು ಉಪಗ್ರಹವನ್ನು ಬಿಚ್ಚಿ ನೋಡಲಾರರು. ಅದು ಕಳುಹಿಸುವ ಅಳತೆಗಳೇ ಅವರ ಕಣ್ಣು. ಏನನ್ನು ಅಳೆದು ಕಳುಹಿಸಬೇಕೆಂಬುದು ಉಪಗ್ರಹವು ಮೇಲೇರುವ ಮೊದಲೇ ನಿಶ್ಚಯವಾಗಿರಬೇಕು. ಪೂರ್ವಸಿದ್ಧತೆಯಿಲ್ಲದೆ ದೋಷ ಕಾಣದೆಂಬ ಪಾಠವು ನಮ್ಮ ಜಿಲ್ಲೆಯಲ್ಲೇ ಕಣ್ಣೆದುರಿಗಿದೆ.

ಆದುದರಿಂದ ನನ್ನ ಸಲಹೆ ಇಷ್ಟೆ: ಗಣಕದ ಮೊದಲ ಪ್ರಯೋಗವು ದೋಷಶೋಧಕವನ್ನು ಅಣಿಗೊಳಿಸುವುದಾಗಿರಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ, ಸರಿಯಾದ ಕ್ರಮವಿಧಿಯನ್ನು ಬಾಯಿಪಾಠದಿಂದ ಬರೆಯಿಸುವುದರ ಜೊತೆಗೆ, ತಪ್ಪುಳ್ಳದೊಂದನ್ನು ಕೊಟ್ಟು ‘ತಪ್ಪು ಎಲ್ಲಿದೆ, ಹೇಗೆ ಕಂಡಿರಿ?’ ಎಂದು ಕೇಳುವಂತಾಗಲಿ. ಇದಕ್ಕೆ ಹೊಸ ಕಟ್ಟಡವಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ. ತೋಟದವರು ಸೆಂಟು ಸೆಂಟಾಗಿ ಅಳೆದು ಬರೆದ ಮಳೆಯನ್ನು ಒಂದು ಸೆಂಟೂ ಚೆಲ್ಲದಂತೆ ಕೂಡಿಸಿಕೊಡಬಲ್ಲ ತರುಣ ತರುಣಿಯರು ನಮ್ಮ ವಿದ್ಯಾಲಯಗಳಿಂದ ಹೊರಬರಬೇಕಾದುದು ಅವಶ್ಯಕ.