ಕಂಬದ ಮೇಲಿನ ಗೋಜಲು ಈಗ ಮಣ್ಣಿನಡಿಗೆ!

ಬೆಂಗಳೂರಿನ ಕರೆಂಟ್ ತಂತಿಗಳೆಲ್ಲ ನೆಲದಡಿ ಹೋಗ್ತಿವೆ ಅಂತ ಗೆಳೆಯರು ಖುಷಿ ಪಡ್ತಿದ್ದಾರೆ. ನಾನೂ ಪಡಬೇಕಿತ್ತು. ಆದ್ರೆ ಕೆಲಸ ನಡೀತಿರೋ ರೀತಿ ನೋಡಿದ್ರೆ ಖುಷಿಗಿಂತ ಸಿಟ್ಟೇ ಜಾಸ್ತಿ ಬರುತ್ತೆ.

ನಾನು ಭೂಗತ ಕೇಬಲ್‌ನ ವಿರೋಧಿ ಖಂಡಿತ ಅಲ್ಲ. ೨೦೨೩ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಹತ್ತಿರದ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಆಗಿದ್ದು ನೆನಪಿದೆಯಲ್ಲ? ಊರಿಂದ ಬೆಳಗಿನ ಜಾವ ವಾಪಸ್ ಬಂದು ಮನೆ ಕಡೆ ನಡೀತಿದ್ದ ಕುಟುಂಬ. ಫುಟ್‌ಪಾತ್ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ಕತ್ತಲಲ್ಲಿ ಕಾಣಲಿಲ್ಲ. ತಾಯಿ, ಅವಳು ಎತ್ತಿಕೊಂಡಿದ್ದ ಒಂಬತ್ತು ತಿಂಗಳ ಮಗು, ಇಬ್ಬರೂ ಹೋಗಿಬಿಟ್ರು. ಫುಟ್‌ಪಾತ್ ಮೇಲೆ ನಡೆದದ್ದೇ ಅವರು ಮಾಡಿದ ತಪ್ಪು!

"ತಂತಿ ತುಂಡಾದ್ರೆ ತಾನಾಗೇ ಕರೆಂಟ್ ಕಟ್ ಆಗಲ್ವಾ?" ಅಂತ ಬಹಳ ಜನ ಕೇಳ್ತಾರೆ. ಯಾವಾಗಲೂ ಆಗಲ್ಲ. ನಮ್ಮ ಬೀದಿಗಳ ಮೇಲೆ ಹಾದುಹೋಗೋ ೧೧ ಕೆವಿ ಲೈನು ಸಾಮಾನ್ಯವಾಗಿ ಬರಿಮೈ ಅಲ್ಯೂಮಿನಿಯಂ ತಂತಿ, ಹೊದಿಕೆ ಇರಲ್ಲ. ಅದು ಒಣ ಕಾಂಕ್ರೀಟ್ ಮೇಲೋ ಟಾರ್ ಮೇಲೋ ಬಿದ್ರೆ ಭೂಮಿಗೆ ಹರಿಯೋ ಕರೆಂಟು ತುಂಬಾ ಕಮ್ಮಿ. ಒಂದು ಅಪಾರ್ಟ್‌ಮೆಂಟ್‌ನ ಲೋಡಿನಷ್ಟೂ ಇಲ್ಲದಿರಬಹುದು. ಸಬ್‌ಸ್ಟೇಷನ್‌ನಲ್ಲಿ ಕೂತಿರೋ ರಿಲೇಗೆ ಅದು ಫಾಲ್ಟ್ ಅಂತ ಗೊತ್ತೇ ಆಗಲ್ಲ. ತಂತಿ ಸುಮ್ಮನೆ ಬಿದ್ದಿರುತ್ತೆ, ಜೀವಂತ. ಹಾಗಾಗಿ ಈ ತಂತಿಗಳು ತಲೆ ಮೇಲಿಂದ ಹೋಗಲೇಬೇಕು. ದುಡ್ಡು ಹಲವು ಪಟ್ಟು ಜಾಸ್ತಿ ಆಗುತ್ತೆ ಅನ್ನೋರ ಜೊತೆ ನನಗೆ ವಾದ ಬೇಡ.

ನನ್ನ ತಕರಾರು ಇರೋದು ಹೂಳೋ ರೀತಿ ಬಗ್ಗೆ.

ನಿಮ್ಮ ರಸ್ತೆಗೂ ಬಂದಿರ್ತಾರೆ. ಟಾರ್ ಹಾಕಿ ತಿಂಗಳಾಗಿರಲ್ಲ, ರೋಡ್ ಕಟಿಂಗ್ ಶುರು. ೧೧ ಕೆವಿ ಕೇಬಲ್‌ಗೆ ಭಾರತೀಯ ಮಾನಕದ ಪ್ರಕಾರ ೦.೯ ಮೀಟರ್ ಆಳ ಬೇಕು. ಕೆಳಗೆ ಮರಳು, ಮೇಲೆ ಮರಳು, ಅದರ ಮೇಲೆ ಇಟ್ಟಿಗೆಯದ್ದೋ ಹಂಚಿನದ್ದೋ ಹೊದಿಕೆ. ಇಟ್ಟಿಗೆ ಯಾಕೆ ಗೊತ್ತಾ? ಮುಂದೆ ಯಾರಾದ್ರೂ ಅಗೆದರೆ ಗುದ್ದಲಿಗೆ ಮೊದಲು ಅದು ತಾಗಿ "ನಿಲ್ಲಪ್ಪಾ" ಅನ್ನಲಿ ಅಂತ. ನಮ್ಮ ಬೀದಿಯಲ್ಲಿ ನಾನು ನಿಂತು ನೋಡಿದೆ. ಮರಳೂ ಇಲ್ಲ, ಇಟ್ಟಿಗೆಯೂ ಇಲ್ಲ. ಅಗೆದ ಕಲ್ಲು ಮಣ್ಣನ್ನೇ ವಾಪಸ್ ತುಂಬಿ ಹೊರಟ್ರು. ಇಂಜಿನಿಯರ್ ಯಾರು ಅಂತ ಕೇಳಿದ್ರೆ "ಬರ್ತಾರೆ ಸಾರ್". ಇನ್ನೂ ಬರ್ತಾ ಇದ್ದಾರೆ :-)

ದೊಡ್ಡ ರಸ್ತೆಗಳಲ್ಲಿ ಅಗೆಯೋದೇ ಇಲ್ಲ, ಮೆಷಿನ್ನಲ್ಲಿ ಅಡ್ಡಡ್ಡ ಕೊರೆದು ಪೈಪ್ ತೂರಿಸ್ತಾರೆ. ಒಳ್ಳೆ ತಂತ್ರಜ್ಞಾನವೇ, ಕೆಳಗೆ ಏನೇನಿದೆ ಅಂತ ಗೊತ್ತಿದ್ರೆ. ಗೊತ್ತಿಲ್ಲದೆ ಕೊರೆದ್ರೆ ಕಾವೇರಿ ನೀರಿನ ಪೈಪಿಗೋ ಒಳಚರಂಡಿಗೋ ತೂತು. ಆಮೇಲೆ ಅದನ್ನ ಸರಿ ಮಾಡೋಕೆ ಇನ್ನೊಬ್ಬರು ಅಗೀತಾರೆ, ಅವರ ಜೆಸಿಬಿಗೆ ಇದೇ ಕೇಬಲ್ ಸಿಗುತ್ತೆ.

ಕಡಿದ ಕೇಬಲ್ ಎಸೆಯಲ್ಲ, ಜಾಯಿಂಟ್ ಹಾಕ್ತಾರೆ. ಭೂಗತ ಕೇಬಲ್‌ನ ಅತಿ ದುರ್ಬಲ ಜಾಗವೇ ಈ ಜಾಯಿಂಟ್. ಕೈಕೆಲಸ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನೀರು ಇಳಿಯುತ್ತೆ, ಮುಂದಿನ ಮಳೆಗಾಲದಲ್ಲಿ ಢಂ. ಕಂಬದ ಮೇಲಿನ ತಂತಿ ಆದ್ರೆ ಲೈನ್‌ಮನ್ ಕತ್ತೆತ್ತಿ ನೋಡಿ ಹೇಳ್ತಾನೆ. ನೆಲದಡಿಯ ಫಾಲ್ಟಿಗೆ ಫಾಲ್ಟ್ ಹುಡುಕೋ ವ್ಯಾನ್ ಬರಬೇಕು, ಜಾಗ ಪತ್ತೆಯಾಗಬೇಕು, ಮತ್ತೆ ಅಗೀಬೇಕು. ಇನ್ನೊಂದು ಜಾಯಿಂಟ್! ಎಲ್ಲರೂ ಹೆದರಿ ಮುಟ್ಟದೇ ಬಿಟ್ಟಿರೋ, ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡಿಗೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿದ ಹಾಗೆ. ನಮ್ಮ ಕೋಡ್ ಕ್ರ್ಯಾಶ್ ಆದ್ರೆ ಯಾರೂ ಸಾಯಲ್ಲ ಅನ್ನೋದಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಆದ ಮೇಲೂ ಕಂಬಗಳು ಹೋದ್ವಾ? ಇಲ್ಲ. ಬಹಳ ಕಡೆ ೧೧ ಕೆವಿ ಮಾತ್ರ ಕೆಳಗಿಳಿದು, ಮನೆಗಳಿಗೆ ಬರೋ ಲೈನು ಹೊದಿಕೆಯಿರೋ ಕಪ್ಪು ಕೇಬಲ್ ಆಗಿ ಕಂಬದ ಮೇಲೇ ಉಳಿದಿದೆ. ಬರಿಮೈ ತಂತಿಗಿಂತ ಇದು ಎಷ್ಟೋ ಸುರಕ್ಷಿತ, ಒಪ್ಪಿದೆ. ಆದ್ರೆ ಕಂಬ ಇದ್ಮೇಲೆ ಇಂಟರ್ನೆಟ್ಟಿನವರು ಬಿಡ್ತಾರಾ? ಅವರ ಕೇಬಲ್ ಸುರುಳಿಗಳು ಕಂಬದಿಂದ ಮರಕ್ಕೆ, ಮರದಿಂದ ಬೈಕ್ ಸವಾರನ ಕುತ್ತಿಗೆಗೆ. (ನಾನು ಇದನ್ನ ಬರೀತಿರೋದೂ ಅಂಥದ್ದೇ ಒಂದು ಕೇಬಲ್ ಪುಣ್ಯದಿಂದ, ಅದೂ ನಿಜ.)

ಇದಕ್ಕೆ ಪರಿಹಾರ ನಮ್ಮಲ್ಲಿ ಇಲ್ಲವಾ ಅಂದ್ರೆ, ಇದೆ! ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಸುಮಾರು ಹತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ. ಫುಟ್‌ಪಾತ್ ಅಡಿಯಲ್ಲಿ ಡಕ್ಟ್, ಅಲ್ಲಲ್ಲಿ ಮುಚ್ಚಳ ಇರೋ ಛೇಂಬರ್. ಹೊಸ ಕೇಬಲ್ ಬೇಕಾ, ಮುಚ್ಚಳ ತೆಗಿ, ಎಳಿ, ಮುಚ್ಚು. ಆಗ ಎಲ್ಲರೂ ಬೈದದ್ದು ಖರ್ಚಿನ ಬಗ್ಗೆ. ಡಕ್ಟ್ ಇಲ್ಲದ ರಸ್ತೆಗಳನ್ನ ಅಲ್ಲಿಂದ ಇಲ್ಲಿವರೆಗೆ ಎಷ್ಟು ಸಲ ಅಗೆದು ಎಷ್ಟು ಸಲ ಟಾರ್ ಹಾಕಿದ್ದೀವಿ ಅಂತ ಯಾರಾದ್ರೂ ಲೆಕ್ಕ ಇಟ್ಟಿದ್ದಾರಾ?

"ಮುಂದುವರೆದ ಊರುಗಳಲ್ಲಿ ಕಂಬವೇ ಇರಲ್ಲ" ಅಂತ ಭಾಷಣ ಮಾಡೋರಿಗೆ ಟೋಕಿಯೋ ತೋರಿಸಿ ಸ್ವಾಮಿ. ಅಲ್ಲಿನ ಗಲ್ಲಿಗಳ ತುಂಬಾ ಇವತ್ತಿಗೂ ಕಂಬ, ತಂತಿ. ಊರು ಚೆಂದ ಕಾಣಲಿ ಅಂತ ತಂತಿ ಹೂಳೋದಾದ್ರೆ ಆ ದುಡ್ಡನ್ನ ಶಾಲೆಗೆ ಕೊಡಿ. ಜನ ಸಾಯಬಾರದು ಅಂತ ಹೂಳೋದಾದ್ರೆ ಮರಳು, ಇಟ್ಟಿಗೆ, ನಕ್ಷೆ ಮೂರೂ ಬೇಕು.

೧೯೦೫ರಲ್ಲೇ ಶಿವನಸಮುದ್ರದಿಂದ ಕರೆಂಟು ತಂದು ಬೀದಿ ದೀಪ ಹಚ್ಚಿದ ಊರಿದು. ಇಲ್ಲಿ ಗುತ್ತಿಗೆದಾರನ ಕೊನೆ ಬಿಲ್ ಪಾಸ್ ಮಾಡೋ ಮುಂಚೆ ಒಂದೇ ಒಂದು ಷರತ್ತು ಹಾಕಲಿ: ಕೇಬಲ್ ಎಲ್ಲಿ, ಎಷ್ಟು ಆಳದಲ್ಲಿ ಹೋಗಿದೆ, ಜಾಯಿಂಟ್ ಎಲ್ಲೆಲ್ಲಿದೆ ಅನ್ನೋ ನಕ್ಷೆ ಕೊಡಬೇಕು. ಅದು ನೀರಿನವರಿಗೂ ಗ್ಯಾಸಿನವರಿಗೂ ಅಗೆಯೋ ಮುಂಚೆಯೇ ಸಿಗಬೇಕು. ಜಿಪಿಎಸ್ ಇರೋ ಒಂದು ಮೊಬೈಲ್ ಸಾಕು ಶುರು ಮಾಡೋಕೆ. ಹಳ್ಳ ಮುಚ್ಚೋ ಮುಂಚೆ ಫೋಟೋ ತೆಗಿಯೋಕೆ ಎಷ್ಟು ಹೊತ್ತು ಬೇಕು?