ಡಿಸ್‌ಪ್ಲೇ ಬರಲಿಲ್ಲ ಅಂದರೆ ಕಂಪ್ಯೂಟರ್ ಸತ್ತಿತು ಅಂತಲ್ಲ

“ಕಂಪ್ಯೂಟರ್ ಆನ್ ಆಯ್ತಿಲ್ಲ, ನಾಳಿಕ್ ಬನ್ನಿ.”

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಈ ಮಾತು ಒಮ್ಮೆಯೂ ಕೇಳಿಸಿಕೊಳ್ಳದವರು ಕಡಿಮೆ. ಹೇಳುವವರಿಗೆ ಅದು ಒಂದು ಸಾಲಿನ ಮಾತು. ಕೇಳಿಸಿಕೊಂಡವರಿಗೆ ಒಂದು ದಿನದ ಕೂಲಿ, ಹೋಗಿ ಬರುವ ಖರ್ಚು, ಬ್ಯಾಂಕಿನಲ್ಲಿ ಮುಂದಕ್ಕೆ ಹೋದ ಒಂದು ಕೆಲಸ. ಕಾಡಂಚಿನ ಹಾಡಿಯಿಂದ ಜಾತಿ ಪ್ರಮಾಣಪತ್ರಕ್ಕೆ ಅಂತ ನಡೆದು, ಆಟೋ ಹಿಡಿದು ಬಂದವರಿಗೆ ‘ನಾಳೆ’ ಅನ್ನುವುದು ಇನ್ನೂ ದುಬಾರಿ.

ಆ ಕಂಪ್ಯೂಟರ್‌ಗೆ ನಿಜವಾಗಿ ಏನಾಗಿರುತ್ತದೆ? ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ, ಆದರೆ ಪರದೆ ಮೇಲೆ ಏನೂ ಬರುವುದಿಲ್ಲ. ‘ಡಿಸ್‌ಪ್ಲೇ ಬರ್ತಿಲ್ಲ’ ಅಂತ ಎಲ್ಲರೂ ಹೇಳುವ ತೊಂದರೆ ಇದೇ. ಎಷ್ಟೋ ಸಲ ಇದು ಹತ್ತು ನಿಮಿಷದ, ಕಾಸಿಲ್ಲದ ಕೆಲಸ. ಆದರೂ ಆ ಯಂತ್ರಕ್ಕೆ ಬಟ್ಟೆ ಹೊದಿಸಿ ವಾರಗಟ್ಟಲೆ ಮೂಲೆಯಲ್ಲಿ ಇಡುತ್ತೇವೆ. ಇದು ನಿಲ್ಲಬೇಕು ಅನ್ನುವುದು ನಮ್ಮ ವಾದ. ಪ್ರತಿ ಪಂಚಾಯಿತಿಯಲ್ಲಿ, ಪ್ರತಿ ಪ್ರೌಢಶಾಲೆಯಲ್ಲಿ ಡಬ್ಬ ಬಿಚ್ಚಿ ನೋಡಲು ಬರುವ ಒಬ್ಬರಾದರೂ ಇರಬೇಕು. ಬಿಚ್ಚುವುದಕ್ಕೆ ಅವರಿಗೆ ಅನುಮತಿಯೂ ಇರಬೇಕು.

ಊರಿನ ಬದುಕು ಈಗ ಈ ಡಬ್ಬದ ಮೂಲಕವೇ ಹಾದು ಹೋಗುತ್ತದೆ. ಕೈಬರಹದ ಪಹಣಿ ಹೋಗಿ ‘ಭೂಮಿ’ ಯೋಜನೆಯ ಕಂಪ್ಯೂಟರ್ ಪಹಣಿ ಬಂದದ್ದು 2000ದ ಹೊತ್ತಿಗೆ. ಆಗ ಒಂದು ಪಹಣಿಗೆ 15 ರೂಪಾಯಿ. ಅದಕ್ಕೆ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ಸಾಲು ನಿಲ್ಲಬೇಕಿತ್ತು. ಆಮೇಲೆ ನಾಡಕಚೇರಿ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್ ಅಂತ ಸೇವೆ ಊರ ಹತ್ತಿರಕ್ಕೆ ಬಂತು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಐಸಿಟಿ ಎಂಬ ಕೇಂದ್ರ ಯೋಜನೆ ಶುರುವಾದದ್ದು 2004ರ ಡಿಸೆಂಬರಿನಲ್ಲಿ. ಸೇವೆಯೇನೋ ಊರಿಗೆ ಬಂತು, ರಿಪೇರಿ ಮಾತ್ರ ಮೈಸೂರಿನಲ್ಲೇ ಉಳಿಯಿತು. ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣ ಅದಕ್ಕೂ ಆಚೆ. ಎಚ್.ಡಿ. ಕೋಟೆ ದಾಟಿ ಅಂತರಸಂತೆ ಕಡೆಗೆ ಒಂದೇ ಒಂದು ಕಂಪ್ಯೂಟರ್ ನೋಡಲು ಯಾವ ಟೆಕ್ನಿಷಿಯನ್ ಬಂದಾರು? ಬಂದರೂ ನಾಲ್ಕು ಕಡೆಯ ದೂರು ಸೇರಿದ ಮೇಲೆಯೇ.

ಹಾಗಾದರೆ ಡಿಸ್‌ಪ್ಲೇ ಬಾರದಿದ್ದಾಗ ಊರಲ್ಲೇ ಏನೇನು ನೋಡಬಹುದು? ಒಂದೊಂದಾಗಿ ನೋಡೋಣ.

ಮೊದಲು ಡಬ್ಬ ಬಿಚ್ಚದೆ ನೋಡುವಂಥದ್ದು. ಸ್ವಿಚ್ ಒತ್ತಿದಾಗ ಫ್ಯಾನ್, ಲೈಟ್ ಎರಡೂ ಇಲ್ಲವೇ? ಹಾಗಿದ್ದರೆ ತೊಂದರೆ ಕರೆಂಟಿನದು. ಯುಪಿಎಸ್ ಬ್ಯಾಟರಿ ಸತ್ತಿರಬಹುದು. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಡಬ್ಬದ ಹಿಂದೆ ವಯರ್ ಸಡಿಲವಾಗಿದೆಯೇ, ಅಲ್ಲೇ ಇರುವ ಪುಟ್ಟ ಸ್ವಿಚ್ ಆಫ್ ಆಗಿದೆಯೇ ನೋಡಿ. ಕಸ ಗುಡಿಸುವಾಗ ಕೈ ತಗುಲಿ ಅದು ಆಫ್ ಆಗುವುದುಂಟು.

ಫ್ಯಾನ್ ತಿರುಗುತ್ತಿದ್ದರೆ ಮಾನಿಟರ್ ಕಡೆ ನೋಡಿ. ‘ನೋ ಸಿಗ್ನಲ್’ ಅಂತ ಬರುತ್ತಿದ್ದರೆ ಮಾನಿಟರ್‌ಗೆ ಜೀವ ಇದೆ, ಚಿತ್ರ ಅದರವರೆಗೆ ತಲುಪುತ್ತಿಲ್ಲ ಅಷ್ಟೆ. ಕೇಬಲ್‌ನ ಎರಡೂ ತುದಿ ತೆಗೆದು ಸರಿಯಾಗಿ ಕೂರಿಸಿ. ನೀಲಿ ತಲೆಯ ವಿಜಿಎ ಕೇಬಲ್ ಆದರೆ ಒಳಗಿನ ಪಿನ್ ಬಗ್ಗಿದೆಯೇ ನೋಡಿ. ಡಬ್ಬದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹಾಕಬೇಕು. ಪಕ್ಕದ ಟೇಬಲ್ಲಿನ ಚೆನ್ನಾಗಿರುವ ಮಾನಿಟರ್ ತಂದು ಹಾಕಿದರೆ ತಪ್ಪು ಯಾವ ಕಡೆ ಅಂತ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ. ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ತೆಗೆದು ಇನ್ನೊಮ್ಮೆ ಆನ್ ಮಾಡಿ.

ಇಷ್ಟಾದರೂ ಬರಲಿಲ್ಲವೇ? ಈಗ ಡಬ್ಬ ಬಿಚ್ಚುವ ಹೊತ್ತು. ಪ್ಲಗ್ ಕಿತ್ತುಬಿಡಿ. ಕಿತ್ತ ಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಡಬ್ಬದ ಬಣ್ಣವಿಲ್ಲದ ಕಬ್ಬಿಣದ ಭಾಗ ಒಮ್ಮೆ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ.

ರಿಪೇರಿಯವರು ಮೊದಲು ಕೈ ಹಾಕುವುದು ರ‍್ಯಾಮ್‌ಗೆ. ಬೆರಳುದ್ದದ ಹಸಿರು ಪಟ್ಟಿ, ಅಂಚಿನಲ್ಲಿ ಚಿನ್ನದ ಬಣ್ಣದ ಸಾಲು. ದೂಳು, ತೇವ ಸೇರಿ ಆ ಸಾಲು ಮಂಕಾದರೆ ಮದರ್‌ಬೋರ್ಡ್‌ಗೆ ರ‍್ಯಾಮ್ ಕಾಣಿಸುವುದೇ ಇಲ್ಲ. ರ‍್ಯಾಮ್ ಇಲ್ಲದೆ ಪರದೆ ಮೇಲೆ ಅಕ್ಷರ ಮೂಡುವುದಿಲ್ಲ. ಎರಡು ಬದಿಯ ಕ್ಲಿಪ್ ಬಿಡಿಸಿ ಪಟ್ಟಿ ತೆಗೆಯಿರಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಚಿನ್ನದ ಸಾಲನ್ನು ಮೆಲ್ಲಗೆ ಉಜ್ಜಿ, ಒಣ ಬ್ರಷ್‌ನಿಂದ ದೂಳು ಕೊಡವಿ, ‘ಟಕ್’ ಅನ್ನುವ ತನಕ ಒತ್ತಿ ಕೂರಿಸಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಕೆಟ್ಟದ್ದು ಯಾವುದು ಅಂತ ಅದೇ ಹೇಳುತ್ತದೆ.

ಶಬ್ದಕ್ಕೂ ಕಿವಿ ಕೊಡಿ. ಬಹಳಷ್ಟು ಹಳೆಯ ಡಬ್ಬಗಳು ಆನ್ ಆದಾಗ ಬೀಪ್ ಅನ್ನುತ್ತವೆ. ಎಷ್ಟು ಬೀಪ್‌ಗೆ ಏನರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿದಾಗ ಬೀಪ್ ಕೂಗಿದರೆ ಮದರ್‌ಬೋರ್ಡ್, ಪ್ರೊಸೆಸರ್ ಬದುಕಿವೆ ಅಂತ ಧೈರ್ಯ ತಂದುಕೊಳ್ಳಬಹುದು.

ಮುಂದಿನದು ನಾಣ್ಯದಂಥ ಪುಟ್ಟ ಬ್ಯಾಟರಿ. ಸಿಆರ್2032 ಅಂತ ಬರೆದಿರುತ್ತದೆ, 3 ವೋಲ್ಟಿನದು. ಬಟ್ಟೆ ಹೊದಿಸಿ ವರ್ಷಗಟ್ಟಲೆ ಇಟ್ಟ ಯಂತ್ರದಲ್ಲಿ ಇದು ಸತ್ತಿರುತ್ತದೆ. ಪ್ಲಗ್ ಕಿತ್ತು, ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿದರೆ ಮದರ್‌ಬೋರ್ಡ್‌ನ ಹಳೆ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಅಷ್ಟಕ್ಕೇ ಡಿಸ್‌ಪ್ಲೇ ಬರುವುದುಂಟು. ಆಮೇಲೆ ತಾರೀಖು ಸರಿ ಮಾಡುವುದು ಮರೆಯಬೇಡಿ. ತಾರೀಖು ತಪ್ಪಿದ್ದರೆ ಎಷ್ಟೋ ವೆಬ್‌ಸೈಟ್ ತೆರೆಯುವುದಿಲ್ಲ, ನಾವು ಇಂಟರ್‌ನೆಟ್ ಅನ್ನು ಬೈಯುತ್ತಾ ಕೂರುತ್ತೇವೆ.

ಇದರಾಚೆಗಿನದು ಗೊತ್ತಿದ್ದವರ ಕೆಲಸ. ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಸುಟ್ಟ ವಾಸನೆ ಬಂದರೆ ನಿಲ್ಲಿಸಿ. ಕರೆಂಟ್ ಕೊಡುವ ಕಬ್ಬಿಣದ ಪೆಟ್ಟಿಗೆ ಎಸ್‌ಎಂಪಿಎಸ್ ಅನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರಬಹುದು. ಹಾರ್ಡ್ ಡಿಸ್ಕ್‌ಗೂ ಕೈ ಹಾಕುವುದು ಬೇಡ.

ನಮ್ಮ ಕಡೆಯ ಯಂತ್ರಗಳು ಕೆಡುವುದಕ್ಕೆ ನಮ್ಮ ಕಡೆಯದೇ ಕಾರಣಗಳೂ ಇವೆ. ಮಣ್ಣು ರಸ್ತೆಯ ದೂಳು ಫ್ಯಾನ್ ಮೇಲೆ ಕಂಬಳಿಯಂತೆ ಕೂರುತ್ತದೆ. ಬೇಸಿಗೆ ರಜೆಯಲ್ಲಿ ಬೀಗ ಹಾಕಿದ ಲ್ಯಾಬಿನಲ್ಲಿ ಇರುವೆ, ಹಲ್ಲಿ, ಇಲಿ ಡಬ್ಬದೊಳಗೆ ಮನೆ ಮಾಡುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕೀಳದೆ ಬಿಟ್ಟರೆ ಹೊಸ ಯಂತ್ರವೂ ಹೋಗುತ್ತದೆ. ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಬಹುಪಾಲು ಆ ಕಟ್ಟಡದ ಅರ್ಥಿಂಗ್ ಸರಿ ಇಲ್ಲ. ಇದು ಕಂಪ್ಯೂಟರ್‌ಗಿಂತ ಮೊದಲು ಮಕ್ಕಳ ಜೀವದ ಪ್ರಶ್ನೆ. ತಡಮಾಡದೆ ಎಲೆಕ್ಟ್ರಿಷಿಯನ್ ಕರೆಸಿ.

ಇಷ್ಟು ಸುಲಭವಾಗಿದ್ದರೆ ಯಾರೂ ಏಕೆ ಮಾಡುವುದಿಲ್ಲ? ದಡ್ಡತನದಿಂದಲ್ಲ, ಭಯದಿಂದ. “ಅದು ಸರ್ಕಾರದ ಸ್ವತ್ತು, ನಾನು ಮುಟ್ಟಿ ಕೆಟ್ಟರೆ ನನ್ನ ಸಂಬಳದಲ್ಲಿ ಹಿಡಿದರೆ?” ಅನ್ನುವ ಮೇಷ್ಟ್ರ ಮಾತನ್ನು, ಡಾಟಾ ಎಂಟ್ರಿ ಆಪರೇಟರ್ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆಡಿಟ್ ನಿಜ, ನೋಟಿಸ್ ನಿಜ. ಮುಟ್ಟದೆ ಇಟ್ಟ ಕಂಪ್ಯೂಟರ್ ಕೊಳೆತರೆ ಕೇಳುವವರಿಲ್ಲ, ಮುಟ್ಟಿ ಸರಿಮಾಡಲು ಹೋದವರಿಗೆ ಮಾತ್ರ ಪ್ರಶ್ನೆ. ಬದಲಾಗಬೇಕಾದ್ದು ಈ ಲೆಕ್ಕಾಚಾರ.

ವಾರಂಟಿಯ ಮಾತೂ ಸರಿಯೇ. ವಾರಂಟಿ ಇರುವ ಯಂತ್ರದ ಸೀಲ್ ಒಡೆಯಬಾರದು. ಕೇಬಲ್, ಪ್ಲಗ್, ಮಾನಿಟರ್ ನೋಡಿ ಕಂಪನಿಗೆ ದೂರು ಕೊಡಬೇಕು. ಆದರೆ ಮೂಲೆಯಲ್ಲಿ ಸಾಲಾಗಿ ಕೂತ ಯಂತ್ರಗಳಲ್ಲಿ ಬಹುಪಾಲಿನ ವಾರಂಟಿ ಎಂದೋ ಮುಗಿದಿದೆ. ಅವನ್ನು ಬಿಚ್ಚಿದರೆ ಕಳೆದುಕೊಳ್ಳುವುದೇನು?

ದಾಖಲೆ ಹೋದರೆ ಅನ್ನುವುದು ಇನ್ನೊಂದು ಅಂಜಿಕೆ. ಪಹಣಿಯಂಥ ದಾಖಲೆ ಇರುವುದು ದೂರದ ಸರ್ವರ್‌ನಲ್ಲಿ, ಮೇಜಿನ ಮೇಲಿನ ಡಬ್ಬದಲ್ಲಲ್ಲ. ಡಬ್ಬದಲ್ಲಿರುವ ಫೈಲುಗಳೂ ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ. ರ‍್ಯಾಮ್ ಒರೆಸಿದರೆ ಅವು ಅಳಿಯುವುದಿಲ್ಲ. ನಿಜಕ್ಕೂ ಅಂಜಬೇಕಾದ್ದು ಹಾರ್ಡ್ ಡಿಸ್ಕ್ ಸಮೇತ ಡಬ್ಬವನ್ನು ಚೀಟಿಯಿಲ್ಲದೆ ಪಟ್ಟಣದ ಅಂಗಡಿಯಲ್ಲಿ ಬಿಟ್ಟು ಬರುವುದಕ್ಕೆ. ಊರಿನವರ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ ಅದರಲ್ಲಿರಬಹುದು.

ಮಕ್ಕಳ ಕೈಗೆ ಇದನ್ನು ಕೊಡಬಹುದೇ ಅನ್ನುವವರು ಎಚ್.ಡಿ. ಕೋಟೆ ರಸ್ತೆಯಲ್ಲೇ ಹೋಗಿ ಬಾವಲಿ ದಾಟಿ ನೋಡಲಿ. ಆಚೆ ವಯನಾಡು. ಕೇರಳ ಸರ್ಕಾರ 2018ರಲ್ಲಿ ‘ಲಿಟಲ್ ಕೈಟ್ಸ್’ ಅನ್ನುವ ವಿದ್ಯಾರ್ಥಿ ಕ್ಲಬ್‌ಗಳನ್ನು ಪ್ರೌಢಶಾಲೆಗಳಲ್ಲಿ ಶುರು ಮಾಡಿತು. ಈಗ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿವೆ. ಆನಿಮೇಶನ್, ಮಲಯಾಳಂ ಟೈಪಿಂಗ್, ಸೈಬರ್ ಸುರಕ್ಷತೆ ಜೊತೆಗೆ ಹಾರ್ಡ್‌ವೇರ್ ಕೂಡ ಅಲ್ಲಿನ ಪಾಠ. ಕಾಡು ಅದೇ, ಮಳೆ ಅದೇ. ನಮ್ಮ ಮಕ್ಕಳು ಮಾತ್ರ ಲ್ಯಾಬಿನ ಕಿಟಕಿಯಿಂದ ಇಣುಕಬೇಕೇ? ಬೈಕ್ ಕಾರ್ಬುರೇಟರ್ ಬಿಚ್ಚಿ ಜೋಡಿಸುವ, ಪಂಪ್‌ಸೆಟ್ ಸ್ಟಾರ್ಟರ್ ತಾವೇ ಸರಿ ಮಾಡುವ ಹುಡುಗರು ಪ್ರತಿ ಊರಿನಲ್ಲಿದ್ದಾರೆ. ಟೈಲರಿಂಗ್ ಮೆಷಿನ್ ತಾವೇ ಬಿಚ್ಚಿ ಎಣ್ಣೆ ಹಾಕುವ ಹೆಣ್ಣುಮಕ್ಕಳಿದ್ದಾರೆ. ರ‍್ಯಾಮ್ ತೆಗೆದು ಹಾಕುವುದು ಅದಕ್ಕಿಂತ ಕಷ್ಟವೇನಲ್ಲ.

ನಾವು ಕೇಳುವುದು ನಾಲ್ಕೇ. ಒಂದು, ವಾರಂಟಿ ಮುಗಿದ ಯಂತ್ರ ಬಿಚ್ಚಿ ನೋಡಲು ಪಂಚಾಯಿತಿಯಲ್ಲೂ ಶಾಲೆಯಲ್ಲೂ ಒಬ್ಬರಿಗೆ ಬರಹದಲ್ಲಿ ಅನುಮತಿ. ಪಂಚಾಯಿತಿ ಸಭೆಯಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿದರೆ ಆ ಒಬ್ಬರ ಮೇಲೆ ಭಾರ ಬೀಳುವುದಿಲ್ಲ. ಎರಡು, ಒಂದು ಪೆಟ್ಟಿಗೆ: ಸ್ಕ್ರೂಡ್ರೈವರ್, ಬ್ರಷ್, ರಬ್ಬರ್, ಎರಡು ಬ್ಯಾಟರಿ, ಒಂದು ಹೆಚ್ಚುವರಿ ಕೇಬಲ್. ಮೂರು, ಒಂದು ನೋಟ್‌ಬುಕ್: ಯಾವ ದಿನ ಏನಾಯಿತು, ಯಾರು ಏನು ಮಾಡಿದರು. ಆಡಿಟ್‌ನವರಿಗೆ ತೋರಿಸಲು ಇದಕ್ಕಿಂತ ಒಳ್ಳೆ ಉತ್ತರವಿಲ್ಲ. ನಾಲ್ಕು, ತಾಲ್ಲೂಕಿನ ಐಟಿಐ, ಪಾಲಿಟೆಕ್ನಿಕ್‌ನವರಿಂದ ವರ್ಷಕ್ಕೊಂದು ದಿನದ ತರಬೇತಿ.

ಮುಂದಿನ ಗ್ರಾಮಸಭೆಗೆ ಹೋದಾಗ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಕೇಳಿ: ನಮ್ಮ ಪಂಚಾಯಿತಿಯಲ್ಲಿ, ನಮ್ಮ ಶಾಲೆಯಲ್ಲಿ ಬಟ್ಟೆ ಹೊದ್ದು ಕೂತ ಕಂಪ್ಯೂಟರ್ ಎಷ್ಟು? ಅದರಲ್ಲಿ ಎಷ್ಟನ್ನು ಬಿಚ್ಚಿ ನೋಡಿದ್ದೀರಿ? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.