ಬೋರ್ಡ್ ಓದಿದರೆ ಸಾಕು, ಯಾರ ಸಾಲಿ ಅಂತ ಗೊತ್ತಾಗುತ್ತದೆ

ನಿಮ್ಮ ಊರಿನ ಸರಕಾರಿ ಸಾಲಿ ಬೋರ್ಡ್ ಒಮ್ಮೆ ಪೂರ್ತಿ ಓದಿ ನೋಡಿ. ದಿನಾ ಅದರ ಮುಂದೆ ಹಾಯ್ದು ಹೋಗುತ್ತೇವೆ, ಓದುವುದಿಲ್ಲ. ಕೆಬಿಎಸ್ ಅಂತ ಇದ್ದರೆ ಕನ್ನಡ ಗಂಡುಮಕ್ಕಳ ಸಾಲಿ. ಕೆಜಿಎಸ್ ಅಂತ ಇದ್ದರೆ ಕನ್ನಡ ಹೆಣ್ಣುಮಕ್ಕಳ ಸಾಲಿ. ಯುಬಿಎಸ್, ಯುಜಿಎಸ್ ಅಂದರೆ ಉರ್ದು. ಎಲ್‌ಟಿ ಅಂದರೆ ಲಮಾಣಿ ತಾಂಡಾ. ತೋಟದ ವಸ್ತಿಯಲ್ಲಿದ್ದರೆ ಆ ವಸ್ತಿಯ ಮನೆತನದ ಅಡ್ಡಹೆಸರು. ಇನ್ನು ಕೆಲವು ಸಾಲಿಗಳಿಗೆ ಬೋರ್ಡಿನ ಮೇಲೆ ಒಂದು ಹೆಸರು, ಊರವರ ಬಾಯಲ್ಲಿ ಮತ್ತೊಂದು ಹೆಸರು. "ಅದು ಕೇರಿ ಸಾಲಿರಿ" ಅನ್ನುತ್ತಾರೆ. ಅಷ್ಟು ಹೇಳಿದರೆ ಸಾಕು, ಕೇಳಿದವರಿಗೆ ಎಲ್ಲ ತಿಳಿಯುತ್ತದೆ.

ವಿಜಯಪುರ ನಗರದಿಂದ ಟಿಕೋಟಾಕ್ಕೆ ಹೋಗಿ, ಅಲ್ಲಿಂದ ಬಬಲೇಶ್ವರಕ್ಕೆ ಬನ್ನಿ. ದಾರಿಯುದ್ದಕ್ಕೂ ಮಕ್ಕಳನ್ನು ಹೀಗೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟಂತೆ ಕಾಣುತ್ತದೆ. ಇದನ್ನು ಕಂಡು ನಮಗೆ ಸಿಟ್ಟು ಬರುವುದು ನಿಜ. ಆದರೆ ಎಲ್ಲ ಡಬ್ಬಿಯೂ ಒಂದೇ ಅಲ್ಲ, ಆ ಮಾತು ಆಮೇಲೆ.

ಮೊದಲು ಒಂದು ಹಳೆಯ ಸಂಗತಿ. ಬೇರೆ ಯಾವುದೋ ದೇಶದ್ದಲ್ಲ, ನಮ್ಮ ಧಾರವಾಡದ್ದೇ.

1856ರ ಜೂನ್ ತಿಂಗಳು. ಆಗ ಧಾರವಾಡವೂ ನಮ್ಮ ವಿಜಾಪುರ ಸೀಮೆಯೂ ಮುಂಬೈ ಇಲಾಖೆಯಲ್ಲಿದ್ದವು. ಮಹಾರ ಜಾತಿಯ ಒಬ್ಬ ಹುಡುಗ ಧಾರವಾಡದ ಸರಕಾರಿ ಸಾಲಿಗೆ ಸೇರಲು ಬಂದ. ಪುಕ್ಕಟೆ ಕಲಿಸಿ ಅನ್ನಲಿಲ್ಲ, ಎಲ್ಲರಂತೆ ಫೀ ಕಟ್ಟುತ್ತೇನೆ ಅಂದ. ಸೇರಿಸಿಕೊಳ್ಳಲಿಲ್ಲ. ಅವನ ಪರವಾಗಿ ಮುಂಬೈ ಸರಕಾರಕ್ಕೆ ಅರ್ಜಿ ಹೋಯಿತು. ಸರಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಹುಡುಗ ಕೇಳುವುದರಲ್ಲಿ ನ್ಯಾಯ ಇರಬಹುದು, ಆದರೆ ತಲೆತಲಾಂತರದಿಂದ ಬಂದ ಜನರ ಭಾವನೆಯನ್ನು ಒಬ್ಬಿಬ್ಬರ ಸಲುವಾಗಿ ಮೀರಲಿಕ್ಕೆ ಆಗುವುದಿಲ್ಲ, ಇವನೊಬ್ಬನನ್ನು ಒಳಗೆ ಬಿಟ್ಟರೆ ಉಳಿದವರಿಗೆಲ್ಲ ಆ ಸಾಲಿ ಇದ್ದೂ ಇಲ್ಲದಂತಾಗುತ್ತದೆ.

ವಿಷಯ ಕಲಕತ್ತೆಗೆ ಹೋಯಿತು, ಅಲ್ಲಿಂದ ಲಂಡನ್ನಿಗೂ ಹೋಯಿತು. ಸರಕಾರದ ಖರ್ಚಿನಲ್ಲಿ ನಡೆಯುವ ಸಾಲಿ ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಕಂಪನಿಯ ನಿರ್ದೇಶಕರು 1858ರಲ್ಲಿ ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು.

ಕಾಗದದ ಮೇಲೆ ಮಾತ್ರ. 1882ರಲ್ಲಿ ಹಂಟರ್ ಆಯೋಗ ಕೂತಾಗಲೂ ಇದೇ ಪ್ರಶ್ನೆ. ತತ್ವ ಸರಿ ಅಂದ ಆಯೋಗವೇ, ಜನ ಒಪ್ಪದ ಕಡೆ ಕೆಳಜಾತಿಯವರಿಗೆ ಬೇರೆ ಸಾಲಿ ತೆಗೆಯಿರಿ ಅಂತಲೂ ಹೇಳಿತು. ಬಾಬಾಸಾಹೇಬರು ಸಾತಾರದಲ್ಲಿ ಸಾಲಿಗೆ ಹೋಗುವಾಗ ಕೂಡಲಿಕ್ಕೆ ಗೋಣಿಚೀಲ ಮನೆಯಿಂದ ಒಯ್ಯಬೇಕಿತ್ತು, ಜವಾನ ಸುರಿದರಷ್ಟೇ ನೀರು. ಸಾರ್ವಜನಿಕ ಬಾವಿಯ ಜೊತೆಗೆ ಸಾರ್ವಜನಿಕ ಸಾಲಿಗಳೂ ಅಸ್ಪೃಶ್ಯರಿಗೆ ತೆರೆದಿರಬೇಕು ಅಂತ ಮುಂಬೈ ಶಾಸನಸಭೆ ಠರಾವು ಮಾಡಿದ್ದು 1923ರಲ್ಲಿ. ಅಂದರೆ ಧಾರವಾಡದ ಹುಡುಗ ಅರ್ಜಿ ಹಾಕಿ 67 ವರ್ಷ ಆದ ಮೇಲೆ, ಅದೇ ಮಾತನ್ನು ಮತ್ತೊಮ್ಮೆ ಹೇಳಬೇಕಾಯಿತು. ಕೊಲ್ಲಾಪುರದ ಶಾಹೂ ಮಹಾರಾಜರು ಅದಕ್ಕೂ ಮೊದಲೇ, 1919ರಲ್ಲಿ, ಅಸ್ಪೃಶ್ಯರ ಪ್ರತ್ಯೇಕ ಸಾಲಿಗಳನ್ನು ಮುಚ್ಚಿಸಿ ಎಲ್ಲ ಮಕ್ಕಳೂ ಒಂದೇ ಸಾಲಿಯಲ್ಲಿ ಕೂಡಲಿ ಅಂತ ಹುಕುಂ ಮಾಡಿದ್ದರು. ಮನಸ್ಸಿದ್ದರೆ ಆಗುತ್ತಿತ್ತು.

ಈಗ 1856ರ ಆ ಉತ್ತರವನ್ನು ಇನ್ನೊಮ್ಮೆ ಓದಿ. ಇವನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟು ಹೋಗುತ್ತಾರೆ. ಅಂದು ಇದನ್ನು ಸರಕಾರ ಹೇಳಿತು. ಇಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಾರೆ.

ಟಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಗೆಳತಿಯೊಬ್ಬಳು ಹಿರಿಯರೊಬ್ಬರನ್ನು ಮಾತಾಡಿಸಿದ್ದಳು.

"ಕಾಕಾರಿ, ಮೊಮ್ಮಗ ಎಲ್ಲಿ ಸಾಲಿ ಕಲೀಲಿಕ್ಕತ್ತಾನ್ರಿ?"

"ವಿಜಾಪುರಕ್ಕ ಹೋಗ್ತಾನವಾ. ಮನಿ ಮುಂದ ಬಸ್ ಬರ್ತೈತಿ."

"ಊರಾಗ ಸಾಲಿ ಐತಲ್ರಿ?"

"ಐತವಾ. ಮಾಸ್ತರೂ ಚಲೋ ಅದಾರ. ಆದ್ರ ಅಲ್ಲಿ ಯಾವ್ಯಾವ್ರೋ ಬರ್ತಾರ."

ಆ ಕಾಕಾ ಕೆಟ್ಟವರಲ್ಲ. ಮಾಸ್ತರ ಚಲೋ ಅದಾರ ಅಂತ ತಾವೇ ಒಪ್ಪಿಕೊಂಡರು, ಅದೇ ನಮ್ಮನ್ನು ಕಾಡಿದ್ದು. ಕಲಿಕೆ ಸರಿಯಿಲ್ಲ ಅಂತ ಹೋದವರಲ್ಲ. ಯಾವ್ಯಾವ್ರೋ ಬರುತ್ತಾರೆ ಅಂತ ಹೋದರು. ಯಾವ್ಯಾವ್ರು ಅಂದರೆ ಯಾರು ಅಂತ ನಮ್ಮ ಗೆಳತಿ ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ, ಅವಳೂ ಆ ಯಾವ್ಯಾವ್ರಲ್ಲಿ ಒಬ್ಬಳು.

ನಮ್ಮ ಕಡೆ ಏತ ನೀರಾವರಿ ಬಂದು ದ್ರಾಕ್ಷಿ ಹೆಚ್ಚಿದ ಮೇಲೆ ಕೆಲವು ಮನೆಗಳಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ಬರಗಾಲದ ಸೀಮೆಯಲ್ಲಿ ಹುಟ್ಟಿದವರು ನಾವು, ನೀರು ಬಂದಿದ್ದಕ್ಕೆ ನಮ್ಮಷ್ಟು ಖುಷಿ ಯಾರಿಗೆ? ಆದರೆ ಆ ರೊಕ್ಕದಲ್ಲಿ ಮೊದಲು ಊರು ಬಿಟ್ಟದ್ದು ಮಕ್ಕಳು. ಬೆಳಗಾದರೆ ಹಳದಿ ಬಸ್ಸುಗಳು ವಸ್ತಿ ವಸ್ತಿಗೆ ಬಂದು ನಿಲ್ಲುತ್ತವೆ. ಅದೇ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳು ಊರ ಸಾಲಿಗೆ ನಡೆದು ಹೋಗುತ್ತಾರೆ. ದ್ರಾಕ್ಷಿ ಕಡಿಯುವಾಗ ಅಪ್ಪಂದಿರು ಒಂದೇ ಸಾಲಿನ ಗಿಡದ ಕೆಳಗೆ ಇರುತ್ತಾರೆ, ಮಕ್ಕಳು ಮಾತ್ರ ಒಂದೇ ಬೆಂಚಿನ ಮೇಲೆ ಇರುವುದಿಲ್ಲ.

"ಹೋಗುವವರು ಇಂಗ್ಲಿಷ್ ಸಲುವಾಗಿ ಹೋಗುತ್ತಾರೆ, ಇದರಲ್ಲಿ ಜಾತಿ ಎಲ್ಲಿ ತಂದಿರಿ?" ಅಂತ ನೀವು ಕೇಳಬಹುದು. ಅರ್ಧ ನಿಜ. ಶಿಕ್ಷಕರಿಲ್ಲದ, ಒಬ್ಬರೇ ಮಾಸ್ತರರು ಐದು ವರ್ಗ ನಡೆಸುವ ಸಾಲಿಯಿಂದ ಮಕ್ಕಳನ್ನು ತೆಗೆದವರನ್ನು ನಾವು ಬೈಯುವುದಿಲ್ಲ. ಆದರೆ ಗುಣಮಟ್ಟ ಅನ್ನುವ ಮಾತಿನ ಹಿಂದೆ ಬಹಳ ಸಲ ಬೇರೆಯೂ ಇರುತ್ತದೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸರಕಾರಿ ಸಾಲಿ ಸುದ್ದಿಯಾಯಿತು. ದಲಿತ ಮಹಿಳೆ ಬಿಸಿಯೂಟ ಮಾಡುತ್ತಾರೆ ಅಂತ ಪಾಲಕರು ಮಕ್ಕಳ ಟಿಸಿ ಒಯ್ದರು ಅನ್ನುವುದು ಸುದ್ದಿ. ಅಧಿಕಾರಿಗಳು ಹೋಗಿ ಕೇಳಿದಾಗ ಕಲಿಕೆ ಸರಿಯಿಲ್ಲ ಅನ್ನುವ ಕಾರಣವೂ ಬಂತು. ಎರಡೂ ಕಾರಣ ಒಂದೇ ಬಾಯಿಂದ ಬಂದಾಗ ಯಾವುದು ಮೊದಲು, ಯಾವುದು ನೆಪ ಅಂತ ಬೇರ್ಪಡಿಸುವುದು ಅಧಿಕಾರಿಗಳ ಕೈಯಲ್ಲಿ ಆಗುವ ಕೆಲಸವಲ್ಲ.

ಅಮೆರಿಕದಲ್ಲೂ ಹೀಗೇ ಆಗಿದೆ. ಕರಿಯರ ಮಕ್ಕಳಿಗೆ ಬೇರೆ, ಬಿಳಿಯರ ಮಕ್ಕಳಿಗೆ ಬೇರೆ ಸಾಲಿ ನಡೆಸುವುದು ತಪ್ಪು ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಅನ್ನುವ ಜಿಲ್ಲೆಯವರು ಏನು ಮಾಡಿದರು ಗೊತ್ತೇ? ಕೂಡಿಸಿ ಕಲಿಸುವ ಬದಲು 1959ರಲ್ಲಿ ಎಲ್ಲ ಸರಕಾರಿ ಸಾಲಿಗಳಿಗೂ ಬೀಗ ಹಾಕಿದರು. 1964ರವರೆಗೆ, ಐದು ವರ್ಷ. ಬಿಳಿಯರ ಮಕ್ಕಳಿಗೆ ಖಾಸಗಿ ಸಾಲಿ ಎದ್ದಿತು. ಕರಿಯರ ಮಕ್ಕಳಲ್ಲಿ ಬಹಳ ಜನ ಮನೆಯಲ್ಲೇ ಉಳಿದರು. ನಮ್ಮಲ್ಲಿ ಹಾಗೆ ಬೀಗ ಹಾಕುವುದಿಲ್ಲ. ಒಂದೊಂದೇ ಟಿಸಿ ಹೋಗುತ್ತದೆ, ಹಾಜರಿ ಕಡಿಮೆಯಾಯಿತು ಅಂತ ಶಿಕ್ಷಕರ ಹುದ್ದೆ ಹೋಗುತ್ತದೆ, ಆಮೇಲೆ ವಿಲೀನ ಅನ್ನುವ ಸುತ್ತೋಲೆ ಬರುತ್ತದೆ. ಬೀಗ ಕೊನೆಗೆ ತಾನಾಗಿಯೇ ಬೀಳುತ್ತದೆ.

ಈ ಗೋಡೆಗೆ ಒಂದು ಕಿಂಡಿ ಇತ್ತು. ಶಿಕ್ಷಣ ಹಕ್ಕು ಕಾಯ್ದೆ 2009ರದು. ಖಾಸಗಿ ಸಾಲಿಯ ಮೊದಲ ವರ್ಗದಲ್ಲಿ ನೂರಕ್ಕೆ 25 ಸೀಟು ಬಡವರ, ದಲಿತರ, ಹಿಂದುಳಿದವರ ಮಕ್ಕಳಿಗೆ, ಫೀ ಸರಕಾರದ್ದು. ಕರ್ನಾಟಕದಲ್ಲಿ ಇದು 2012ರಿಂದ ನಡೆಯಿತು. ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಬರೀ ಫೀ ಮಾಫಿ ಅಲ್ಲ, ಸಾವುಕಾರರ ಮಗ, ಕೂಲಿಯವರ ಮಗ ಒಂದೇ ಬೆಂಚಿನ ಮೇಲೆ ಕೂಡಲಿ ಅಂತ. 2018ರ ಕೊನೆಗೆ ರಾಜ್ಯ ಸರಕಾರ ನಿಯಮ ತಿದ್ದಿತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಸಾಲಿ ಇದ್ದರೆ ಖಾಸಗಿಯವರು ಈ ಸೀಟು ಕೊಡಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರಕಾರಿ ಸಾಲಿ ಇಲ್ಲದ ಊರು ಎಷ್ಟಿವೆ? ಲಕ್ಷದ ಮೇಲಿದ್ದ ಸೀಟು ಮರುವರ್ಷವೇ 20 ಸಾವಿರದ ಒಳಗೆ ಇಳಿಯಿತು.

ಸರಕಾರಿ ಸಾಲಿಗಳು ಖಾಲಿಯಾಗುತ್ತಿವೆ, ನಮ್ಮ ತೆರಿಗೆ ರೊಕ್ಕ ಖಾಸಗಿಯವರಿಗೆ ಹೋಗುತ್ತಿದೆ ಅನ್ನುವುದು ಆಗ ಕೊಟ್ಟ ಕಾರಣ. ಈ ವಾದದಲ್ಲಿ ತಿರುಳಿದೆ. ನಮ್ಮಲ್ಲಿ ಇಬ್ಬರು ಇಂದಿಗೂ ಅದೇ ವಾದ ಮಾಡುತ್ತಾರೆ. ಆದರೆ ಕಿಂಡಿ ಮುಚ್ಚಿದ ಮೇಲೆ ನಮ್ಮ ಸಾಲಿಗಳಿಗೆ ಶಿಕ್ಷಕರು ಬಂದರೇ? ರೊಕ್ಕ ಇದ್ದವರ ಮಕ್ಕಳು ವಾಪಸು ಬಂದರೇ? ಬಡವರ ಮಕ್ಕಳಷ್ಟೇ ಹೊರಗೆ ಉಳಿದರು. ಮಹಾರಾಷ್ಟ್ರ ಸರಕಾರ ಇಂಥದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ 2024ರಲ್ಲಿ ಅದನ್ನು ರದ್ದು ಮಾಡಿತು. ಗಡಿಯಾಚೆ ಜತ್ತದ ಮಗುವಿಗೆ ಇರುವ ಹಕ್ಕು ಗಡಿಯೀಚೆ ಟಿಕೋಟಾದ ಮಗುವಿಗೆ ಯಾಕಿಲ್ಲ? ಮತ ಕೇಳಲು ಬಂದವರನ್ನು ನಿಲ್ಲಿಸಿ ಕೇಳಬೇಕಾದ ಪ್ರಶ್ನೆ ಇದು. ಯಾವ ಪಕ್ಷದವರಾದರೂ ಸರಿ, ಯಾಕೆಂದರೆ ಆಮೇಲೆ ಬಂದವರೂ ಆ ಕಿಂಡಿ ತೆರೆದಿಲ್ಲ.

ಇನ್ನು ಮೊದಲು ಹೇಳಿದ ಡಬ್ಬಿಗಳ ಮಾತು. ತಾಂಡಾ ಸಾಲಿ, ಉರ್ದು ಸಾಲಿ ಎಲ್ಲ ಮುಚ್ಚಿ ಒಂದೇ ಮಾಡಿ ಅನ್ನುವವರು ಅವಸರದವರು. ತಾಂಡಾದ ಮಗು ಮನೆಯಲ್ಲಿ ನೀರಿಗೆ ಪಾಣಿ ಅನ್ನುತ್ತದೆ. ಮೂರು ಕಿಲೋಮೀಟರ್ ದೂರದ ಊರ ಸಾಲಿಗೆ ಆರು ವರ್ಷದ ಹುಡುಗಿಯನ್ನು ಯಾರು ಕರೆದೊಯ್ಯುತ್ತಾರೆ? ದಸರೆ ಮುಗಿಯುತ್ತಲೇ ಅವ್ವ ಅಪ್ಪ ಸಾಂಗ್ಲಿ, ಕೊಲ್ಲಾಪುರ ಕಡೆ ಕಬ್ಬು ಕಡಿಯಲು ಹೋಗಿರುತ್ತಾರೆ, ಮನೆಯಲ್ಲಿ ಆಯಿ ಒಬ್ಬಳೇ. ತಾಂಡಾ ಸಾಲಿ ಮುಚ್ಚಿದರೆ ಆ ಹುಡುಗಿಯ ಸಾಲಿ ಮುಗಿದಂತೆಯೇ. ತಾಯಿನುಡಿಯಲ್ಲಿ ಕಲಿಯುವ ಹಕ್ಕು ಉರ್ದು ಮಕ್ಕಳಿಗೂ ಇದೆ. ಬಾಬಾಸಾಹೇಬರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆದದ್ದು ಬೇರೆ ಇರಲಿ ಅಂತಲ್ಲ, ಬೇರೆ ಕಡೆ ಇರಲು ಜಾಗ ಕೊಡುತ್ತಿರಲಿಲ್ಲ ಅಂತ. ನಮ್ಮಲ್ಲೂ ಹೆಚ್ಚಿನವರು ಸರಕಾರಿ ಹಾಸ್ಟೆಲ್ ಅನ್ನ ಉಂಡೇ ಡಿಗ್ರಿ ಮುಗಿಸಿದವರು.

ಹಾಗಾಗಿ ಬೇರೆ ಅನ್ನುವುದಷ್ಟೇ ತಪ್ಪಲ್ಲ. ಗೋಡೆಯನ್ನು ಯಾವ ಕಡೆಯವರು ಕಟ್ಟಿದರು ನೋಡಬೇಕು. ತಾಂಡಾದವರು ತಮ್ಮ ಮಗುವಿಗೆ ಹತ್ತಿರ ಒಂದು ಸಾಲಿ ಬೇಡಿ ಪಡೆದರೆ ಅದು ಆಸರೆ. ಅದೇ ಸಾಲಿಗೆ ಹಾಯ್ದು ಹೋಗುವ ದಾರಿಯ ಪಕ್ಕದ ವಸ್ತಿಯವರು "ಲಮಾಣ್ಯಾರ ಸಾಲಿಗಿ ನಮ್ಮ ಹುಡುಗ್ರನ್ನ ಕಳಸಂಗಿಲ್ಲ" ಅಂದು ಇನ್ನೊಂದು ಸಾಲಿ ಮಂಜೂರು ಮಾಡಿಸಿಕೊಂಡರೆ ಅದು ಬಹಿಷ್ಕಾರ. ಒಂದೇ ಕಂಪೌಂಡಿನೊಳಗೆ ಕನ್ನಡ ಸಾಲಿ, ಉರ್ದು ಸಾಲಿ ಎರಡೂ ಇರುವ ಜಾಗ ನೋಡಿದ್ದೇವೆ. ಪಾಠ ಬೇರೆ ಇರಲಿ, ಆಟಕ್ಕೂ ನಡುವೆ ಗೋಡೆ ಯಾಕೆ? ಆಗಸ್ಟ್ 15ಕ್ಕೆ ಎರಡು ಧ್ವಜಕಂಬ ಯಾಕೆ?

ಒಳಗಿನ ಗೋಡೆಗಳದ್ದು ಇನ್ನೊಂದು ಕಥೆ. ನಮ್ಮಲ್ಲೊಬ್ಬ ಐದನೆಯ ವರ್ಗದಲ್ಲಿದ್ದಾಗ ಬಾಯಾರಿ ಸಾಲಿಯ ನೀರಿನ ಕೊಡಕ್ಕೆ ಕೈ ಹಾಕಿದ. ಯಾರೂ ಹೊಡೆಯಲಿಲ್ಲ. ಮರುದಿನ ಕೊಡದ ಮೇಲೆ ಉದ್ದ ಹಿಡಿಕೆಯ ಸವಟು ಬಂತು, ನೀರು ಹಾಕಿಕೊಡಲು ಒಬ್ಬ ಹುಡುಗನ ನೇಮಕವೂ ಆಯಿತು. "ಸ್ವಚ್ಛತಾ" ಅಂದರು. ಇದು ಅಜ್ಜನ ಕಾಲದ್ದಲ್ಲ, ಆ ಹೊತ್ತಿಗೆ ಊರಿಗೆ ಮೊಬೈಲ್ ಟವರ್ ಬಂದಾಗಿತ್ತು.

2002ರಲ್ಲಿ ಅಕ್ಷರ ದಾಸೋಹ ಶುರುವಾದದ್ದೇ ನಮ್ಮ ಉತ್ತರದ ಜಿಲ್ಲೆಗಳಿಂದ. ಹಸಿವಿಗಷ್ಟೇ ಅಲ್ಲ, ಕೂಡಿ ಉಣ್ಣುವುದಕ್ಕೂ ಅದು ಮದ್ದಾಗಿತ್ತು. 2021ರ ಡಿಸೆಂಬರ್‌ನಲ್ಲಿ ವಿಜಯಪುರವೂ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಬೇಡ ಅಂದದ್ದು ನೆನಪಿರಬೇಕು. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಅಂತಾಯಿತು. ತಿನ್ನುವುದು ಅವರವರ ಇಷ್ಟ. ಆದರೆ ಬಡಿಸುವ ಅನುಕೂಲಕ್ಕೆ ಅಂತ ಮೊಟ್ಟೆಯವರನ್ನು ಒಂದು ಸಾಲು, ಬಾಳೆಹಣ್ಣಿನವರನ್ನು ಒಂದು ಸಾಲು ಕೂಡಿಸಿದರೆ ಅದು ಬರೀ ಊಟದ ಸಾಲಾಗಿ ಉಳಿಯುವುದಿಲ್ಲ. ನಿಮ್ಮ ಸಾಲಿಯಲ್ಲಿ ಹೇಗೆ ಕೂಡಿಸುತ್ತಾರೆ? ಒಂದು ಮಧ್ಯಾಹ್ನ ಹೇಳದೇ ಹೋಗಿ ನೋಡಿ. ಪಾಲಕರು ಹೋದರೆ ಯಾರೂ ತಡೆಯುವಂತಿಲ್ಲ. ಎಸ್‌ಡಿಎಂಸಿಯಲ್ಲಿ ಇದ್ದೀರಾದರೆ ನೀರಿನ ಕೊಡ, ಊಟದ ಸಾಲು, ಸಂಡಾಸು ತೊಳೆಯುವ ಪಾಳಿ ಯಾರ ಮಕ್ಕಳದ್ದು ಅಂತ ಸಭೆಯಲ್ಲಿ ಬರೆಸಿ. ಬರೆದದ್ದು ಉಳಿಯುತ್ತದೆ. ಧಾರವಾಡದ ಆ ಹುಡುಗನ ಅರ್ಜಿ ಉಳಿದಿದ್ದಕ್ಕೇ ಇವತ್ತು ಅವನ ಸಂಗತಿ ನಿಮಗೆ ಹೇಳಲು ಆಯಿತು.

ಒಂದು ಮಾತು ಮುಚ್ಚಿಡಬಾರದು. ನಮ್ಮ ಬಳಗದಲ್ಲಿ ಸಾಲಿಗೆ ಹೋಗುವ ಮಕ್ಕಳಿರುವವರು ಇಬ್ಬರು. ಒಬ್ಬಳ ಮಗ ಊರ ಕನ್ನಡ ಸಾಲಿಯಲ್ಲಿ ಎರಡನೆಯ ವರ್ಗ. ಇನ್ನೊಬ್ಬನ ಮಗಳು ಹಳದಿ ಬಸ್ ಹತ್ತಿ ವಿಜಯಪುರಕ್ಕೆ ಹೋಗುತ್ತಾಳೆ. ಇದನ್ನು ಬರೆಯುವಾಗ ಇಬ್ಬರ ನಡುವೆ ಜೋರು ಜಗಳ ಆಯಿತು. "ನೀನು ಬರದಿದ್ದನ್ನ ನೀನ ಓದ್ಕೊ ಮೊದಲ" ಅಂದಳು ಅವಳು. "ನಮ್ಮೂರ ಸಾಲ್ಯಾಗ ಮಾಸ್ತರರ ಇಲ್ಲ, ಏನ್ ಮಾಡ್ಲಿ ಅಕ್ಕಾ?" ಅಂದ ಅವನು. ಮುಂದಿನ ಜೂನ್‌ಗೆ ಮಗಳ ಟಿಸಿ ತರುವುದೋ ಬೇಡವೋ ಅಂತ ಅವನ ಮನೆಯಲ್ಲಿ ಮಾತು ನಡೆದಿದೆ. ಹೆಂಡತಿ ಇನ್ನೂ ಒಪ್ಪಿಲ್ಲ.